ಎತ್ತಿನ ಗಾಡಿಗೆ ಡಾಲರ್ ಕೊಡಬೇಡಿ: ಶ್ರೀಲಂಕಾಕ್ಕೆ ಹೊರಟವರಿಗೆ

ಶ್ರೀಲಂಕಾದಲ್ಲಿ ‘ಹಳ್ಳಿ ಜೀವನದ ಅನುಭವ’ ಅಂತ ಒಂದು ಪ್ಯಾಕೇಜ್ ಮಾರುತ್ತಾರೆ. ಬಂಡೆಯ ಮೇಲಿನ ಕೋಟೆ ಇರುವ ಸಿಗಿರಿಯ, ಅದರ ಹತ್ತಿರದ ಹಬರಣ ಸುತ್ತ ಎಲ್ಲಿ ರೂಮು ಹಿಡಿದರೂ ಬ್ಯಾಗು ಇಳಿಸುವ ಮೊದಲೇ ಅದರ ಮಾತು ಶುರುವಾಗುತ್ತದೆ. ನಮಗೆ ತಲೆಗೆ 25 ಡಾಲರ್ ಅಂದರು. ಚೌಕಾಸಿ ಮಾಡಿದ ಮೇಲೆ 15ಕ್ಕೆ ಬಂತು. ಅದೂ ಜಾಸ್ತಿಯೇ.

ಮೊದಲು ಎತ್ತಿನ ಗಾಡಿ. ಆಮೇಲೆ ತಾವರೆ ತುಂಬಿದ ಕೆರೆಯಲ್ಲಿ ದೋಣಿ. ದೋಣಿಯವನು ತಾವರೆ ಎಲೆಯಲ್ಲಿ ಟೋಪಿ ಮಾಡಿ ತಲೆಗೆ ಇಡುತ್ತಾನೆ. ಆಚೆ ದಡದಲ್ಲಿ ಒಂದು ಗುಡಿಸಲು. ಅಲ್ಲಿ ಒಬ್ಬ ಹೆಂಗಸು ಒನಕೆಯಲ್ಲಿ ಭತ್ತ ಕುಟ್ಟಿ, ಮೊರದಲ್ಲಿ ಕೇರಿ, ಬೀಸುಕಲ್ಲಿನಲ್ಲಿ ರಾಗಿ ಬೀಸಿ, ತೆಂಗಿನಕಾಯಿ ತುರಿದು ತೋರಿಸಿದರು. ಜೊತೆಗಿದ್ದ ಯುರೋಪಿನ ಜೋಡಿ ವಿಡಿಯೊ ಮೇಲೆ ವಿಡಿಯೊ ತೆಗೆಯುತ್ತಿತ್ತು. ನಮ್ಮಮ್ಮ ತಿಪಟೂರಿನ ಕಡೆಯವರು. ‘ಕಾಯಿ ತುರಿಯೋದು ನೋಡೋಕೆ ವಿಮಾನ ಹತ್ತಿ ಬಂದ್ವಾ?’ ಅಂದರು. ಕೊನೆಗೆ ಆ ಹೆಂಗಸಿನ ಕೈಯಿಂದ ಒನಕೆ ತಗೊಂಡು ಅಮ್ಮನೇ ನಾಲ್ಕು ಏಟು ಹಾಕಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಆದರೂ ಚೆನ್ನಾಗಿ ನಕ್ಕರು. ಇಡೀ ಪ್ಯಾಕೇಜಿನಲ್ಲಿ ದುಡ್ಡಿಗೆ ಸಾಟಿಯಾಗಿದ್ದು ಅದೊಂದೇ, ಅದೂ ಪ್ಯಾಕೇಜಿನಲ್ಲಿ ಇರಲಿಲ್ಲ! ಊಟ ಮುಗಿದ ಮೇಲೆ ಗಾಡಿಯವನಿಗೆ, ದೋಣಿಯವನಿಗೆ, ಅಡುಗೆಯವರಿಗೆ ಬೇರೆ ಬೇರೆ ಟಿಪ್ಸ್. ಅದನ್ನು ಮೊದಲು ಯಾರೂ ಹೇಳಿರುವುದಿಲ್ಲ.

ಮಾತಲೆ ಕಡೆಯ ಮಸಾಲೆ ತೋಟಗಳೂ ಇದೇ ಜಾತಿ. ಒಳಗೆ ಹೋಗಲು ದುಡ್ಡಿಲ್ಲ. ಮೆಣಸಿನ ಬಳ್ಳಿ, ಏಲಕ್ಕಿ ಗಿಡ, ಜಾಯಿಕಾಯಿ ತೋರಿಸಿ ಕೊನೆಗೆ ಮಂಡಿನೋವಿನ ಎಣ್ಣೆಯ ಬಾಟಲಿ ಕೈಗೆ ಕೊಡುತ್ತಾರೆ. ಬೆಲೆ ಕೇಳಿದರೆ ಮಂಡಿ ನಿಜಕ್ಕೂ ನೋಯುತ್ತದೆ. ಮಲೆನಾಡಿನವರು ಇಳಿಯಲೇಬೇಡಿ.

ದಂಬುಲ್ಲದಿಂದ ಕ್ಯಾಂಡಿಗೆ ಖಾಸಗಿ ಬಸ್ ಹತ್ತಿದೆವು. ನಿಂತ ಬಸ್ಸಿನಲ್ಲಿ ಸೀಟು ಖಾಲಿ ಇದೆ ಅಂತ ಕೂಗಿ ಹತ್ತಿಸಿದರು. ಖಾಲಿ ಇದ್ದದ್ದು ಮುಂದಿನ ಸಾಲು ಮಾತ್ರ. ಅದು ಬೌದ್ಧ ಭಿಕ್ಷುಗಳಿಗೆ ಮೀಸಲು, ಅವತ್ತು ಯಾರೂ ಕೂರಲಿಲ್ಲ. ಮಾತಲೆ ದಾಟುವವರೆಗೂ ಅಮ್ಮ ಎಂಜಿನ್ ಪಕ್ಕದ ನಮ್ಮದೇ ಸೂಟ್‌ಕೇಸಿನ ಮೇಲೆ ಕೂತಿದ್ದರು. ಆ ಸೂಟ್‌ಕೇಸಿಗೂ ಕಂಡಕ್ಟರ್ ಒಂದು ಟಿಕೆಟ್ಟಿನ ದುಡ್ಡು ಕಿತ್ತುಕೊಂಡ. ತಿರುವಿನಲ್ಲೂ ಓವರ್‌ಟೇಕ್, ಮೇಲೆ ಕಿವಿ ಕಿತ್ತುಹೋಗುವ ಹಾಡು. ವಯಸ್ಸಾದವರು ಜೊತೆಗಿದ್ದರೆ ಸರ್ಕಾರಿ ಕೆಂಪು ಬಸ್ಸಿಗೆ ಕಾಯಿರಿ. ನಮಗೆ ಸಿಕ್ಕಿದ ಕೆಂಪು ಬಸ್ಸುಗಳು ನಿಧಾನ, ಆದರೆ ಜೀವ ಕೈಯಲ್ಲಿ ಹಿಡಿದು ಕೂರಬೇಕಾಗಲಿಲ್ಲ.

ಇನ್ನು ಕ್ಯಾಂಡಿ. ಬುದ್ಧನ ಹಲ್ಲು ಇಟ್ಟಿರುವ ದಳದಾ ಮಾಳಿಗಾವದಲ್ಲಿ ದಿನಕ್ಕೆ ಮೂರು ಹೊತ್ತು ಪೂಜೆ. ಬೆಳಗ್ಗೆ 5.30, ಮತ್ತೆ 9.30, ಸಂಜೆ 6.30. ಎಲ್ಲ ಏಜೆಂಟರೂ ಸಂಜೆಯದಕ್ಕೇ ಕಳಿಸುತ್ತಾರೆ. ಯಾಕೆಂದರೆ ಐದು ಗಂಟೆಯ ಡ್ಯಾನ್ಸ್ ಶೋ ಮುಗಿಸಿ ಬರುವ ಬಸ್ಸುಗಳಿಗೆ ಅದು ಅನುಕೂಲ. ನನಗೆ ನೂಕುನುಗ್ಗಲು ಆಗಿಬರುವುದಿಲ್ಲ, ಹಾಗಾಗಿ 5.30ಕ್ಕೆ ಹೋಗಿ ಅನ್ನುತ್ತೇನೆ. ಜನ ಇದ್ದರೇ ಕಳೆ ಅನ್ನುವವರು ಸಂಜೆಗೇ ಹೋಗಿ.

ಬೆಳಗಿನ ಹೊತ್ತು ಬರುವವರು ಹೆಚ್ಚಿನವರು ಊರಿನವರೇ. ಬಿಳಿ ಬಟ್ಟೆ, ಕೈಯಲ್ಲಿ ತಾವರೆ, ದೇವಕಣಗಿಲೆ. ಕೆಳಗಡೆ ಮಂಟಪದಲ್ಲಿ ಮದ್ದಳೆಯಂಥ ಗೆಟ ಬೆರ, ತಮ್ಮೆಟ್ಟಮ ಅನ್ನುವ ಜೋಡಿ ನಗಾರಿ, ಓಲಗದಂಥ ಹೊರಣೆವ ಒಟ್ಟಿಗೆ ಶುರುವಾದಾಗ ಎದೆಯೇ ನಡುಗುತ್ತದೆ. ಡ್ಯಾನ್ಸ್ ಶೋದಲ್ಲಿ ದುಡ್ಡು ಕೊಟ್ಟು ಕೇಳುವುದೂ ಇದೇ ಚರ್ಮವಾದ್ಯ. ಮೇಲೆ ಸಾಲಿನಲ್ಲಿ ಹೋದರೆ ಹಲ್ಲು ಕಾಣುವುದಿಲ್ಲ, ಚಿನ್ನದ ಕರಂಡಕ ಕೆಲವೇ ಸೆಕೆಂಡು ಕಾಣುತ್ತದೆ. ಬುಧವಾರ ಸುಗಂಧದ ನೀರಿನ ಸ್ನಾನದ ವಿಧಿ ಇರುತ್ತದೆ, ಆ ನೀರನ್ನು ತೀರ್ಥದ ಹಾಗೆ ಕೊಡುತ್ತಾರೆ. ಬುಧವಾರ ಬರುವ ಹಾಗೆ ನೋಡಿಕೊಳ್ಳಿ.

ಹೊರಗೆ ಬಂದವರು ಸೀದಾ ಆಟೊ ಹತ್ತಿಬಿಡುತ್ತಾರೆ. ಎದುರಿಗೇ ನಾಥ ದೇವಾಲೆ, ಪತ್ತಿನಿ ದೇವಾಲೆ ಇವೆ. ನಮ್ಮನ್ನು ಅಲ್ಲಿ ಯಾರೂ ಟಿಕೆಟ್ ಕೇಳಲಿಲ್ಲ. ಪತ್ತಿನಿ ಅಂದರೆ ತಮಿಳಿನ ಶಿಲಪ್ಪದಿಕಾರಂ ಕಾವ್ಯದ ಕಣ್ಣಗಿಯೇ. ಬೌದ್ಧರ ಮನೆಯ ಬಾಣಂತಿಯರು ಕೂಸು ಎತ್ತಿಕೊಂಡು ಹಣ್ಣಿನ ತಟ್ಟೆ ಹಿಡಿದು ನಿಂತಿರುತ್ತಾರೆ. ಕಪುರಾಳ ಅನ್ನುವ ಪೂಜಾರಿ ಒಬ್ಬೊಬ್ಬರ ಹೆಸರು ಕೇಳಿ ಹರಕೆ ಹೇಳಿ ಹರಸುತ್ತಾನೆ. ಅಮ್ಮನ ಹೆಸರೂ ಕೇಳಿದ. ನಾವು ಅಲ್ಲೇ ಬಹಳ ಹೊತ್ತು ಕೂತೆವು. (ಪಕ್ಕದ ಕೆರೆ ಕಟ್ಟಿಸಿದ, ಕ್ಯಾಂಡಿಯ ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ ದಕ್ಷಿಣ ಭಾರತ ಮೂಲದ ನಾಯಕರ ಮನೆತನದವನು. 1815ರಲ್ಲಿ ಬ್ರಿಟಿಷರು ಅವನನ್ನು ಹಿಡಿದು, ಮರುವರ್ಷ ವೆಲ್ಲೂರಿಗೆ ಸಾಗಿಸಿದರು.)

ಊಟದ ವಿಷಯ. ‘ವೆಜ್’ ಅಂದರೂ ಪಲ್ಯದಲ್ಲಿ, ಸಂಬಲ್ ಅನ್ನುವ ಕಾಯಿ ಚಟ್ನಿಯಲ್ಲಿ ಉಂಬಲಕಡ ಇರಬಹುದು. ಒಣಗಿಸಿದ ಮೀನಿನ ಚೂರು ಅದು. ‘ಉಂಬಲಕಡ ಎಪಾ’ ಅಂತ ಮೊದಲೇ ಹೇಳಿ, ಬೇಡ ಅಂತ ಅರ್ಥ. ತಮಿಳರ ಶೈವ, ಅಂದರೆ ಸಸ್ಯಾಹಾರಿ, ಹೋಟೆಲುಗಳಲ್ಲಿ ಈ ತಲೆನೋವಿಲ್ಲ. ಸಣ್ಣ ಹೋಟೆಲಿನಲ್ಲಿ ಕೇಳದೇ ತಿಂಡಿಯ ತಟ್ಟೆ ತಂದಿಟ್ಟರೆ ಗಾಬರಿಯಾಗಬೇಡಿ. ತಿಂದಷ್ಟಕ್ಕೇ ಬಿಲ್ಲು.

ಆದರೆ ನಾನು ಹೊಗಳಲೇಬೇಕಾದದ್ದು ಹೆಳ ಬೊಜುನ್ ಹಲ. ಅಲ್ಲಿನ ಕೃಷಿ ಇಲಾಖೆ ಹೆಂಗಸರ ಕೈಯಲ್ಲಿ ನಡೆಸುವ ತಿಂಡಿ ಅಂಗಡಿಗಳ ಸಾಲು. ನಾವು ಹೋದದ್ದು ಕ್ಯಾಂಡಿ ಪಕ್ಕದ ಪೆರಾದೆನಿಯ ಹತ್ತಿರದ ಗನ್ನೊರುವದಲ್ಲಿ ಇರುವುದಕ್ಕೆ. ಬೊಟಾನಿಕಲ್ ಗಾರ್ಡನ್ನಿಗೆ ಬಂದವರಿಗೆ ಹತ್ತಿರ. ಒಬ್ಬೊಬ್ಬ ಹೆಂಗಸಿನ ಮುಂದೆ ಒಂದೊಂದು ಒಲೆ. ಎಲ್ಲ ಸಸ್ಯಾಹಾರ. ರಾಗಿಹಿಟ್ಟಿಗೆ ಕಾಯಿ, ಬೆಲ್ಲ ಬೆರೆಸಿ ಎಲೆಯಲ್ಲಿ ಸುತ್ತಿ ಬೇಯಿಸಿದ ಹಲಪ ಇದೆ. ಶಾವಿಗೆಯೊಳಗೆ ಕಾಯಿ-ಬೆಲ್ಲದ ಹೂರಣ ಇಟ್ಟ ಲವರಿಯ ಇದೆ. ಸೊಪ್ಪಿನ ರಸಕ್ಕೆ ಅಕ್ಕಿ, ಕಾಯಿಹಾಲು ಹಾಕಿದ ಕೊಳಕೆಂದ ಅನ್ನುವ ಹಸಿರು ಗಂಜಿಗೆ ಒಂದು ತುಂಡು ಬೆಲ್ಲ ಕೊಡುತ್ತಾರೆ. ಬೆಲ್ಲ ಕಚ್ಚುತ್ತಾ ಗಂಜಿ ಕುಡಿಯಬೇಕು. ಅಮ್ಮ ಎರಡು ಲೋಟ ಕುಡಿದು, ಯಾವ ಸೊಪ್ಪು ಅಂತ ಸನ್ನೆಯಲ್ಲಿ ಕೇಳಿದರು. ಆ ಹೆಂಗಸು ಹಸಿ ಒಂದೆಲಗವನ್ನೇ ತಂದು ತೋರಿಸಿದರು. ಹೊಟ್ಟೆ ಬಿರಿಯುವಷ್ಟು ತಿಂದರೂ ನಮ್ಮ ಬೆಂಗಳೂರಿನ ಒಂದು ಮಸಾಲೆ ದೋಸೆ, ಕಾಫಿಯ ದುಡ್ಡು ದಾಟಲಿಲ್ಲ. ನಮ್ಮ ಒಂದು ರೂಪಾಯಿಗೆ ಅವರ ಮೂರಕ್ಕಿಂತ ಜಾಸ್ತಿ ಬರುತ್ತದೆ ಅನ್ನುವುದು ಅಲ್ಲಿ ಅರ್ಥವಾಗುತ್ತದೆ. ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಒಳ್ಳೆಯವೆಲ್ಲ ಖಾಲಿ.

ಸಮುದ್ರತೀರದ ಬಗ್ಗೆ ಕೇಳಬೇಡಿ, ಗೋಕರ್ಣ ನೋಡಿದವರಿಗೆ ನನ್ನಿಂದ ಹೇಳುವಂಥದ್ದೇನಿಲ್ಲ.

ಹೊರಡುವ ಮುಂಚೆ ಪೋಯ ದಿನ ಯಾವತ್ತು ಅಂತ ನೋಡಿ. ಪ್ರತಿ ಹುಣ್ಣಿಮೆಗೆ ಅಲ್ಲಿ ರಜೆ. ಅವತ್ತು ಮದ್ಯ ಮಾರುವುದಿಲ್ಲ, ದೇವಸ್ಥಾನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೇ ತಿಂಗಳಿನ ವೆಸಾಕ್‌ಗೆ ಬೀದಿ ತುಂಬ ಲಾಟೀನು, ರಸ್ತೆಬದಿಯಲ್ಲಿ ಕರೆದು ಕರೆದು ಪುಕ್ಕಟೆ ಊಟ ಹಾಕುವ ದನ್ಸಲಗಳು. ಸಿಗಿರಿಯಕ್ಕೆ ಸಾರ್ಕ್ ದೇಶದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ. ಪಾಸ್‌ಪೋರ್ಟನ್ನು ರೂಮಿನಲ್ಲಿ ಬಿಟ್ಟು ಹೋಗಬೇಡಿ, ಕೌಂಟರಿನಲ್ಲಿ ಕೇಳುತ್ತಾರೆ.