ಮೆಣಸಿನಪುಡಿಯಲ್ಲಿರುವ ಮಣ್ಣು

14 ಮಾರ್ಚ್ 2024, ಗುರುವಾರ
ಬೆಂಗಳೂರು

ಭಾವ ಬಂದಿದ್ದರು. ಯಶವಂತಪುರದಲ್ಲಿ ಅವರದು ಮಸಾಲೆ ವ್ಯಾಪಾರ. ಬ್ಯಾಡಗಿ ಮೆಣಸಿನಪುಡಿಯನ್ನು ಮೊದಲ ಸಲ ಜರ್ಮನಿಗೆ ಕಳಿಸುತ್ತಿದ್ದಾರೆ. ಕ್ರಿಮಿ ಕೊಲ್ಲಲು ಗಾಮಾ ಕಿರಣ ಹಾಯಿಸಿಲ್ಲ ಅಂತ ಲ್ಯಾಬ್ ರಿಪೋರ್ಟ್ ಬೇಕಂತೆ. "ನೀನು ಅದೇ ಕೆಲಸ ಮಾಡೋದಲ್ವಾ? ಬಣ್ಣ ಅದೇ, ಘಾಟು ಅದೇ. ಹೇಗೆ ಕಂಡುಹಿಡೀತೀರಿ?"

ಮೆಣಸಿನಕಾಯಿಯನ್ನು ನಾವು ಕೇಳುವುದೇ ಇಲ್ಲ ಭಾವ, ಅದಕ್ಕೆ ಅಂಟಿದ ಮಣ್ಣನ್ನು ಕೇಳುತ್ತೇವೆ ಅಂದೆ. ನಕ್ಕರು.

ಕಣದಲ್ಲಿ ಒಣಗಿಸಿದ ಕಾಯಿಗೆ ಬೆಣಚುಕಲ್ಲು, ಫೆಲ್ಡ್‌ಸ್ಪಾರ್‌ನಂಥ ಖನಿಜಗಳ ಸಣ್ಣ ಕಣಗಳು ಅಂಟಿರುತ್ತವೆ. ಎಷ್ಟು ಜರಡಿ ಹಿಡಿದರೂ ಸ್ವಲ್ಪ ಉಳಿಯುತ್ತದೆ. ಗಾಮಾ ಕಿರಣ ಸೂಸುವ ಕೋಬಾಲ್ಟ್-60ರ ಕಿರಣ ಬಿದ್ದಾಗ ಆ ಕಣಗಳೊಳಗೆ ಎಲೆಕ್ಟ್ರಾನ್‌ಗಳು ಸಿಕ್ಕಿಹಾಕಿಕೊಳ್ಳುತ್ತವೆ. ಆಮೇಲೆ ಬೆಳಕು ಅಥವಾ ಬಿಸಿ ತಾಗಿದರೆ ಬಿಡುಗಡೆಯಾಗಿ ಮಿನುಗುತ್ತವೆ. ಎಕ್ಸ್‌ರೇ ವಿಭಾಗದವರು ಮೈಗೆ ತಾಗಿದ ವಿಕಿರಣ ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್ ಕೆಲಸ ಮಾಡುವುದೂ ಹೀಗೆಯೇ.

ಮೊದಲು ಪಿಎಸ್‌ಎಲ್, ಅಂದರೆ ಬೆಳಕು ತಾಗಿಸಿ ಮಿನುಗಿಸುವ ಪರೀಕ್ಷೆ. ತಟ್ಟೆಯಲ್ಲಿ ಪುಡಿ ಹರಡಿ, ಅವಕೆಂಪು (ಇನ್‌ಫ್ರಾರೆಡ್) ಬೆಳಕು ಮಿಟುಕಿಸಿ, 60 ಸೆಕೆಂಡ್‌ನಲ್ಲಿ ಎಷ್ಟು ಮಿನುಗಿತು ಅಂತ ಎಣಿಸುವುದು. 700ಕ್ಕಿಂತ ಕಡಿಮೆ ಬಂದರೆ ನೆಗೆಟಿವ್, 5000 ದಾಟಿದರೆ ಪಾಸಿಟಿವ್. ತಲೆನೋವು ಇರುವುದು ಮಧ್ಯದವುಗಳದ್ದು. ಉಪ್ಪು ಬೆರೆಸಿದ ಮಸಾಲೆಯದ್ದು ಇನ್ನೊಂದು ತರಲೆ, ಉಪ್ಪೇ ಜೋರಾಗಿ ಮಿನುಗುತ್ತದೆ. ತೀರಾ ಶುಚಿಯಾದ ಪುಡಿಯಲ್ಲಿ ಮಣ್ಣೇ ಸಾಲದೆ, ಕಿರಣ ಹಾಯಿಸಿದ್ದರೂ ನೆಗೆಟಿವ್ ಬರಬಹುದು. ಹಾಗಾಗಿ ಬರೀ ಪಿಎಸ್‌ಎಲ್ ನೋಡಿ ಸಹಿ ಹಾಕುವುದು ನನಗೆ ಇಷ್ಟವಿಲ್ಲ.

ನನಗೆ ಜಾಸ್ತಿ ನಂಬಿಕೆ ಟಿಎಲ್ ಮೇಲೆ, ಅಂದರೆ ಬಿಸಿ ಮಾಡಿ ಮಿನುಗಿಸುವ ಪರೀಕ್ಷೆ. ಕೈಕೆಲಸ ಜಾಸ್ತಿ, ಆದರೂ. ಪುಡಿಯನ್ನು ಸೋಡಿಯಂ ಪಾಲಿಟಂಗ್‌ಸ್ಟೇಟ್ ಅನ್ನುವ ಭಾರವಾದ ದ್ರಾವಣಕ್ಕೆ ಹಾಕಿದರೆ ಮೆಣಸು ತೇಲುತ್ತದೆ, ಖನಿಜ ತಳಕ್ಕಿಳಿಯುತ್ತದೆ. ಸಿಗುವುದು ಕಣ್ಣಿಗೆ ಕಂಡೂ ಕಾಣದಷ್ಟು. ಅದನ್ನು ಬಿಸಿ ಮಾಡುತ್ತಾ ಹೊಮ್ಮುವ ಬೆಳಕನ್ನು ಅಳೆಯುತ್ತೇವೆ. ಆಮೇಲೆ ಅದೇ ಕಣಗಳಿಗೆ ಗೊತ್ತಿರುವಷ್ಟು ಕಿರಣ ಕೊಟ್ಟು ಮತ್ತೆ ಅಳತೆ. ಮೊದಲ ಬೆಳಕನ್ನು ಎರಡನೆಯದರಿಂದ ಭಾಗಿಸಿದಾಗ 0.1ಕ್ಕಿಂತ ಜಾಸ್ತಿ ಬಂದರೆ ಸಾಮಾನ್ಯವಾಗಿ ಕಿರಣ ತಾಗಿದೆ ಅಂತಲೇ. ಬೆಳಕು ಎದ್ದ ಬಿಸಿಯನ್ನೂ ನೋಡಬೇಕು. 150ರಿಂದ 250 ಡಿಗ್ರಿಯೊಳಗೆ ಎದ್ದರೆ ಅನುಮಾನ ಗಟ್ಟಿ. ಮಣ್ಣಿನ ಸಹಜ ವಿಕಿರಣದ ಬೆಳಕು ಇನ್ನೂ ಮೇಲಿನ ಬಿಸಿಯಲ್ಲಿ ಏಳುತ್ತದೆ.

"ಹಾಯಿಸಿದ್ರೆ ವಿಷಾನಾ ಹಾಗಾದ್ರೆ?" ಅಂತ ಅಕ್ಕ ಒಳಗಿನಿಂದ ಕೇಳಿದಳು. ಇಲ್ಲ. ಪುಡಿ ವಿಕಿರಣಶೀಲ ಆಗುವುದಿಲ್ಲ, ಬೂಷ್ಟು, ಬ್ಯಾಕ್ಟೀರಿಯಾ ಸಾಯುತ್ತವೆ ಅಷ್ಟೇ. ನಮ್ಮಲ್ಲಿ ಮಸಾಲೆಗೆ 14 ಕಿಲೋಗ್ರೇವರೆಗೂ (ಕಿರಣದ ಪ್ರಮಾಣ ಅಳೆಯುವ ಮಾನ) ಅನುಮತಿಯಿದೆ. ಯುರೋಪಿನಲ್ಲಿ 10. ಆದರೆ ಎರಡೂ ಕಡೆ ಲೇಬಲ್ ಮೇಲೆ ಹೇಳಲೇಬೇಕು. ನನ್ನ ತಕರಾರೂ ಅಷ್ಟೇ, ಮಾಡಿದ್ದನ್ನು ಬರೆಯಿರಿ. ಮುಚ್ಚಿಡುವವರಿಂದಲೇ ಜನಕ್ಕೆ ಭಯ.

ನಾಳೆ ಸ್ಯಾಂಪಲ್ ತರುತ್ತಾರಂತೆ. ಅಂಗಡಿ ಮುಂದಿನ ಗಾಜಿನ ಭರಣಿಯದ್ದು ಬೇಡ, ಬಿಚ್ಚದ ಮೂಟೆಯಿಂದ ತೆಗೆದು ಕಪ್ಪು ಕವರಿನಲ್ಲಿ ತನ್ನಿ ಅಂದಿದ್ದೇನೆ. ಬೆಳಕಿಗೆ ಬಿದ್ದಷ್ಟೂ ಸಿಗ್ನಲ್ ಸೋರಿಹೋಗುತ್ತದೆ.