ಮಾರ್ಕೆಟ್ಟಿನಲ್ಲಿ ಆ 15 ನಿಮಿಷ

ಟ್ರೈಪಾಡ್ ಹೊತ್ತುಕೊಂಡು ಜಯನಗರದಲ್ಲಿ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದೆ. ಅದರ ಮೇಲೆ ಕ್ಯಾಮೆರಾ ಕೂರಿಸುವ ಪ್ಲೇಟ್ ಮಾತ್ರ ಮನೆಯಲ್ಲೇ ಉಳಿದಿತ್ತು. ಬೆಂಕಿಪೊಟ್ಟಣದಷ್ಟು ತುಂಡು. ಅದಿಲ್ಲದಿದ್ದರೆ ಟ್ರೈಪಾಡ್‌ಗೂ ಬಟ್ಟೆ ಒಣಹಾಕುವ ಕೋಲಿಗೂ ವ್ಯತ್ಯಾಸ ಇಲ್ಲ. ಆಯುಧಪೂಜೆಗೆ ಎರಡೇ ದಿನ, ಗಂಟೆ ಆರು ದಾಟಿದೆ, ವಾಪಸ್ ಹೋಗಿ ತರೋ ಮಾತೇ ಇಲ್ಲ.

ಯಾಕಿಷ್ಟು ಆತುರ ಅಂದರೆ, ರಾತ್ರಿ ಫೋಟೋ ಅಂತ ನಾವು ಮೆಚ್ಚಿಕೊಳ್ಳುವ ಎಷ್ಟೋ ಚಿತ್ರಗಳನ್ನು ತೆಗೆದಿರುವುದು ಮುಸ್ಸಂಜೆಯಲ್ಲಿ. ಪೂರ್ತಿ ಕತ್ತಲಾದ ಮೇಲೆ ಆಕಾಶ ಡಾಂಬರಿನ ಹಾಗೆ ಆಗಿಬಿಡುತ್ತದೆ, ಕಟ್ಟಡದ ಅಂಚು ಎಲ್ಲಿ ಮುಗಿಯಿತು ಅಂತಲೇ ಕಾಣಲ್ಲ, ದೀಪಗಳೆಲ್ಲ ಬರೀ ಬಿಳಿ ಬೊಟ್ಟು. ಸೂರ್ಯ ಮುಳುಗಿ ಹತ್ತು ನಿಮಿಷ ಕಳೆದ ಮೇಲೆ ಆಕಾಶದ ಬೆಳಕು ಇಳಿಯುತ್ತಾ ಬಂದು ಬೀದಿ ದೀಪದ ಬೆಳಕಿಗೆ ಸರಿಸಮ ಆಗುವ ಒಂದು ಹೊತ್ತು ಇದೆ. ಆಗ ಎರಡೂ ಒಂದೇ ಫೋಟೋದಲ್ಲಿ ಕೂರುತ್ತವೆ, ಮೇಲೆ ಗಾಢ ನೀಲಿ, ಕೆಳಗೆ ಹಳದಿ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ಸೂರ್ಯ ಹೆಚ್ಚೂಕಮ್ಮಿ ನೆಟ್ಟಗೆ ಕೆಳಗಿಳಿಯುತ್ತಾನೆ. ಹಾಗಾಗಿ ಆ ನೀಲಿ ಸಿಗುವುದು ಹೆಚ್ಚೆಂದರೆ 15 ನಿಮಿಷ. ಮುಸ್ಸಂಜೆ ಉದ್ದಕ್ಕೆ ಉಳಿಯುವ ಯುರೋಪಿನವರ ವಿಡಿಯೋ ನೋಡಿ ಆರಾಮಾಗಿ ಕಾಫಿ ಕುಡ್ಕೊಂಡು ಹೋದರೆ ಆಟ ಮುಗಿದಿರುತ್ತದೆ. ನಾನೇ ಎಷ್ಟು ಸಲ ಬಸ್ಸಿನಲ್ಲಿ ಕೂತು, ಕಿಟಕಿಯಿಂದ ಆ ನೀಲಿ ಕಪ್ಪಾಗುವುದನ್ನು ನೋಡಿದ್ದೀನೋ ಲೆಕ್ಕ ಇಲ್ಲ. ಈಗ ಮೆಟ್ರೋ ಬಿಟ್ಟು ಬೇರೆ ಏನನ್ನೂ ನಂಬಲ್ಲ.

ಮಾರ್ಕೆಟ್ಟನ್ನೇ ಆರಿಸಿಕೊಂಡಿದ್ದಕ್ಕೆ ಹಬ್ಬದ ಜೊತೆ ಇನ್ನೊಂದು ಕಾರಣವೂ ಇದೆ. ಶಿವನಸಮುದ್ರದ ಕರೆಂಟು ಬಂದು ಬೆಂಗಳೂರಿನಲ್ಲಿ ಬೀದಿ ದೀಪ ಉರಿದದ್ದು 1905ರ ಆಗಸ್ಟ್ 5ರಂದು, ಈ ಪೇಟೆ ಕಡೆಯಲ್ಲೇ. ಆಗ ಈ ಮಾರ್ಕೆಟ್ ಕಟ್ಟಡವೇ ಇರಲಿಲ್ಲ. ದೀಪದ ಫೋಟೋ ತೆಗೆಯೋಕೆ ಬೇರೆಲ್ಲಿಗೆ ಹೋಗಲಿ ಹೇಳಿ.

ಮೊದಲು ಕ್ಯಾಮೆರಾವನ್ನು ಕಬ್ಬಿಣದ ಕಂಬಿಯ ಮೇಲೆ ಒತ್ತಿ ಹಿಡಿದು ನೋಡಿದೆ. ಒಂದು ಬಸ್ಸು ಹೋದರೆ ಸಾಕು, ಕಂಬಿ ಗಡಗಡ ಅನ್ನುತ್ತದೆ, ಎಂಟು ಸೆಕೆಂಡು ಶಟರ್ ತೆರೆದಿಟ್ಟು ತೆಗೆಯುವ ಫೋಟೋದಲ್ಲಿ ಒಂದೊಂದು ದೀಪವೂ ಎರೆಹುಳ. ಪಕ್ಕದಲ್ಲಿ ಬೂದುಗುಂಬಳದ ರಾಶಿ, ಬಾಳೆಕಂದಿನ ಕಟ್ಟು, ಅದರಾಚೆ ಸೇವಂತಿಗೆ ಗುಡ್ಡೆ ಹಾಕಿಕೊಂಡು ಹೂ ಕಟ್ಟುತ್ತಿದ್ದ ಒಬ್ಬ ಹೆಂಗಸು. ನನ್ನ ಒದ್ದಾಟ ನೋಡ್ತಾನೇ ಇದ್ದರು.

"ಪೇಪರ್‌ನವ್ರಾ?"

"ಇಲ್ಲಕ್ಕಾ, ಸುಮ್ನೆ."

"ಸುಮ್ನೆ ಯಾರಣ್ಣ ಇಷ್ಟೆಲ್ಲಾ ಹೊತ್ಕೊಂಡ್ ಬರ್ತಾರೆ?"

ಪ್ಲೇಟ್ ಕತೆ ಹೇಳಿದೆ. ಅವರು ನಗಲಿಲ್ಲ, ಚೆಂಡುಹೂವಿನ ಮೂಟೆಯೊಂದನ್ನು ಕಾಲಿನಿಂದಲೇ ಮುಂದಕ್ಕೆ ತಳ್ಳಿದರು. ಅದರ ಮೇಲೆ ಇನ್ನೊಂದು. ಮೇಲೆ ಕ್ಯಾಮೆರಾ ಇಟ್ಟು ಮೆತ್ತಗೆ ಒತ್ತಿದೆ. ಮಗು ತೊಡೆ ಮೇಲೆ ಕೂತ ಹಾಗೆ ಕೂತಿತು. ಬಸ್ಸು ಹೋದರೂ ಹೂವಿಗೆ ಗೊತ್ತೇ ಆಗಲ್ಲ. ಗುಂಡಿ ಒತ್ತುವ ಬೆರಳಿಂದಲೂ ಅಲುಗಾಟ ಬರುತ್ತದೆ, ಅದಕ್ಕೆ ಎರಡು ಸೆಕೆಂಡಿನ ಟೈಮರ್. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 100; ಲೆನ್ಸಿನ ತೂತು ಎಫ್ 8; ಶಟರ್ ಎಂಟು ಸೆಕೆಂಡು.

ವಾಹನಗಳ ದೀಪ ಕೆಂಪು ಗೆರೆಯಾಗಿ ಹರಿಯುವ ಫೋಟೋ ನೋಡಿರುತ್ತೀರಿ ಅಲ್ವಾ? ಅದಕ್ಕೆ ಗಾಡಿಗಳು ಮುಂದಕ್ಕೆ ಹೋಗಬೇಕು. ಹಬ್ಬದ ಹಿಂದಿನ ಮಾರ್ಕೆಟ್ಟಿನಲ್ಲಿ ಎಂಟು ಸೆಕೆಂಡು ಬಿಡಿ, ಒಂದು ನಿಮಿಷ ತೆರೆದಿಟ್ಟರೂ ಗೆರೆ ಬರಲ್ಲ, ಇರುಮುಡಿ ಹೊತ್ತವರ ಸಾಲಿನಂತೆ ಕೆಂಪು ದೀಪಗಳು ಇದ್ದಲ್ಲೇ ನಿಂತಿರುತ್ತವೆ. ಮೇಲಿನ ಫ್ಲೈಓವರ್ ಮಾತ್ರ ಓಡುತ್ತಿತ್ತು. ಹಾಗಾಗಿ ಅದೇ ಫೋಟೋ ಆಯಿತು, ಮೇಲೆ ಹರಿಯುವ ಗೆರೆ, ಕೆಳಗೆ ಕದಲದ ಊರು. ನಾಲ್ಕು ತೆಗೆಯುವಷ್ಟರಲ್ಲಿ ನೀಲಿ ಹೋಯಿತು.

ಆಮೇಲೆ ಹೂ ಕಟ್ಟುತ್ತಿದ್ದವರನ್ನು ಅವರ ಕೈಯ ಫೋಟೋ ತೆಗೆಯಲಾ ಅಂತ ಕೇಳಿದೆ. "ಮುಖ ಬೇಡ, ಕೈ ತಗೊ" ಅಂದರು. ಶಟರ್ 1/200 ಸೆಕೆಂಡಿಗೆ ಇಟ್ಟು ಒತ್ತಿದರೆ ಫೋಟೋ ತುಂಬ ಅಡ್ಡ ಕಪ್ಪು ಪಟ್ಟೆ. ಇದು ತಲೆ ಮೇಲೆ ನೇತಾಡುತ್ತಿದ್ದ ಎಲ್‌ಇಡಿ ಬಲ್ಬಿನ ಕೆಲಸ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತದೆ. 1/50ಕ್ಕೆ ಇಳಿಸಿದರೆ ಪಟ್ಟೆ ಮಾಯ. ಆದರೆ ಅವರ ಬೆರಳು 1/50ಕ್ಕೆ ನಿಲ್ಲೋದಲ್ಲ. ಎಡಗೈಯಲ್ಲಿ ಎರಡು ಹೂ ಎದುರುಬದುರು, ಬಲಗೈಯಲ್ಲಿ ದಾರ, ಒಂದು ಸುತ್ತು, ಒಂದು ಎಳೆತ, ಅಷ್ಟರಲ್ಲಿ ಮುಂದಿನ ಎರಡು ಹೂ. ಫೋಟೋದಲ್ಲಿ ಕಟ್ಟಿ ಮುಗಿದ ಮಾಲೆ ಅಚ್ಚುಕಟ್ಟಾಗಿ ಬಂದಿತ್ತು, ಬೆರಳುಗಳು ಹೊಗೆಯಂತೆ. ನನಗಂತೂ ಆ ದಿನದ ಒಳ್ಳೇ ಫೋಟೋ ಅದೇ.

ಅವರಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು.

"ಅಲ್ಲಾಡೋಗೈತಲ್ಲಣ್ಣ, ಇನ್ನೊಂದ್ ತಗೊ. ನಿಧಾನಕ್ಕೆ ಕಟ್ತೀನಿ."

ಎರಡು ಮೊಳ ಸೇವಂತಿಗೆ ತಗೊಂಡೆ, ಟ್ರೈಪಾಡ್‌ಗೆ ಸುತ್ತಿಕೊಂಡು ಮೆಟ್ರೋ ಹತ್ತಿದೆ.