ಡಿಸ್ಕಿನ ಸರದಿಯಲ್ಲಿ ಎರಡು ಸೆಕೆಂಡು

ಬದಿಯಡ್ಕದ ಸಮೀಪ ಹಳೆಯ ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿರುವ ಗೆಳೆಯರ ಲಿನಕ್ಸ್ ಯಂತ್ರವನ್ನು ನೋಡಿಕೊಳ್ಳುವ ಹೊಣೆ ನನ್ನದು. ಕಳೆದ ಮಳೆಗಾಲದಲ್ಲಿ ಅಲ್ಲಿನ ಹುಡುಗ ಫೋನು ಮಾಡಿ, "ಅಣ್ಣಾ, ದೊಡ್ಡ ವೀಡಿಯೊ ಕಾಪಿಗೆ ಹಾಕಿದರೆ ಈಚೆ ಭಾಗವತರ ಪದ ನಿಂತೇ ಹೋಗುತ್ತದೆ, ಎರಡು ಸೆಕೆಂಡು ಕಳೆದು ಮತ್ತೆ ಶುರುವಾಗುತ್ತದೆ" ಎಂದ. ಡಿಸ್ಕ್ ಹಾಳಾಗಿದೆಯೆಂಬ ಅವನ ಶಂಕೆಯನ್ನು ನಾನು ಒಪ್ಪಲಿಲ್ಲ; ಹಾಳಾದ ಡಿಸ್ಕ್ ಸಾಮಾನ್ಯವಾಗಿ ಪ್ರತಿಸಲವೂ ಅಳೆದಂತೆ ಅಷ್ಟೇ ಹೊತ್ತು ತಡೆಯುವುದಿಲ್ಲ.

ಆ ಯಂತ್ರದಲ್ಲಿದ್ದುದು, ಡಿಸ್ಕಿಗೆ ಬರುವ ಕೋರಿಕೆಗಳ ಸರದಿಯನ್ನು ನಿರ್ಧರಿಸುವ ಡೆಡ್‌ಲೈನ್ ಶೆಡ್ಯೂಲರ್ ಎಂಬ ತಂತ್ರಾಂಶದ ಮಾರ್ಪಡಿಸಿದ ಆವೃತ್ತಿ. ಡಿಸ್ಕಿನ ಮುಳ್ಳು ಹೆಚ್ಚು ಅಲೆಯದಂತೆ ಅದು ಕೋರಿಕೆಗಳನ್ನು ಸೆಕ್ಟರುಗಳ (ಡಿಸ್ಕಿನ ಮೇಲಿನ ಸಣ್ಣ ವಿಭಾಗಗಳ) ಕ್ರಮದಲ್ಲಿ ಪೂರೈಸುತ್ತದೆ. ದೂರದ ಕೋರಿಕೆಯೊಂದು ಅನಂತವಾಗಿ ಕಾಯಬಾರದೆಂದು ಓದುವಿಕೆಗೆ 500 ಮಿಲಿಸೆಕೆಂಡು, ಬರೆಯುವಿಕೆಗೆ 5 ಸೆಕೆಂಡುಗಳ ಗಡುವನ್ನೂ ಇಟ್ಟುಕೊಳ್ಳುತ್ತದೆ. ಓದುವಿಕೆಯ ಗಡುವಿನ ಸೆಟ್ಟಿಂಗ್ ತೆರೆದರೆ 500 ಎಂದೇ ಕಾಣುತ್ತಿತ್ತು. ಆದರೆ ಯಂತ್ರ ಶುರುವಾಗುವಾಗ ಒಂದು ಸ್ಕ್ರಿಪ್ಟ್ ಆ ಸಂಖ್ಯೆಯನ್ನು ಬರೆಯುತ್ತಿದೆಯೆಂದು ತಿಳಿದು, ಅದನ್ನು ತಡೆದು ಮತ್ತೆ ಬೂಟ್ ಮಾಡಿದಾಗ 125 ಕಾಣಿಸಿತು. ಅಲ್ಲಿಗೆ ಗಂಟು ಬಿಚ್ಚಿಕೊಂಡಿತು.

ಲಿನಕ್ಸಿನ ತಿರುಳಾದ ಕರ್ನೆಲ್ ಒಳಗೆ ಈ ಗಡುವನ್ನು ಎಣಿಸುವುದು ಜಿಫಿಗಳಲ್ಲಿ, ಅಂದರೆ ಅದರ ಗಡಿಯಾರದ ಮಿಡಿತಗಳಲ್ಲಿ; ಸೆಕೆಂಡಿಗೆ ಎಷ್ಟು ಮಿಡಿತವೆಂಬುದೇ ಎಚ್‌ಜೆಡ್. ಎಚ್‌ಜೆಡ್ 250 ಇರುವ ಆ ಯಂತ್ರದಲ್ಲಿ ಒಂದು ಜಿಫಿಯೆಂದರೆ 4 ಮಿಲಿಸೆಕೆಂಡು. ಆದ್ದರಿಂದ ಮೂಲದಲ್ಲಿದ್ದ 125 ಜಿಫಿ ಸರಿಯಾಗಿ ಅರ್ಧ ಸೆಕೆಂಡು, ಸ್ಕ್ರಿಪ್ಟ್ ಬರೆದ 500 ಎರಡು ಸೆಕೆಂಡು. ಮಾರ್ಪಾಡಿನಲ್ಲಿ ಬರೆಯುವಾಗಲೂ ತೋರಿಸುವಾಗಲೂ ಪರಿವರ್ತನೆ ಬಿಟ್ಟುಹೋಗಿದ್ದುದರಿಂದ ಬರೆದ ಸಂಖ್ಯೆಯೇ ಮರಳಿ ಕಾಣುತ್ತಿತ್ತು, ಯಾರಿಗೂ ಅನುಮಾನ ಬರುವಂತಿರಲಿಲ್ಲ. ಎಚ್‌ಜೆಡ್ 1000 ಇರುವ ಕರ್ನೆಲ್‌ನಲ್ಲಿ ಜಿಫಿಯೂ ಮಿಲಿಸೆಕೆಂಡೂ ಒಂದೇ ಆಗುವುದರಿಂದ ಅಲ್ಲಿ ಎಷ್ಟು ಪರೀಕ್ಷಿಸಿದರೂ ಈ ದೋಷ ಹೊರಬೀಳದು. ಎರಡೂ ಬರಿಯ ಪೂರ್ಣಾಂಕಗಳಾದ್ದರಿಂದ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರೂ ಎಚ್ಚರಿಸುವುದಿಲ್ಲ.

ತಿದ್ದುಪಡಿ ಎರಡು ಸಾಲಿನದು: ಒಳಬರುವಾಗ ಮಿಲಿಸೆಕೆಂಡನ್ನು ಜಿಫಿಗೆ, ಹೊರಹೋಗುವಾಗ ಜಿಫಿಯನ್ನು ಮಿಲಿಸೆಕೆಂಡಿಗೆ ತಿರುಗಿಸುವುದು. ಸ್ಕ್ರಿಪ್ಟಿನಲ್ಲಿ 125 ಎಂದು ಬರೆದಿದ್ದರೂ ಹಾಡು ನಿಲ್ಲುತ್ತಿರಲಿಲ್ಲ, ಆದರೆ ಎಚ್‌ಜೆಡ್ ಬದಲಾದ ದಿನವೇ ಆ ಗಡುವು ಮತ್ತೆ ಕೆಡುತ್ತಿತ್ತು. ಅಂಥ ತೇಪೆ ನನಗೆ ಬೇಡವಾಗಿತ್ತು. ಕೋಡಿನಲ್ಲಿ ಆ ಗಡುವನ್ನು ಹಿಡಿದಿಡುವ ಚರದ ಹೆಸರಿಗೂ ಅದರ ಅಳತೆಯ ಏಕಮಾನವನ್ನು ಸೇರಿಸಿದೆ. ಕರ್ನೆಲ್‌ನಲ್ಲಿಯೇ ಇರುವ 'ಡರ್ಟಿ_ಎಕ್ಸ್‌ಪೈರ್_ಸೆಂಟಿಸೆಕ್ಸ್' ಎಂಬ ಸೆಟ್ಟಿಂಗ್ ತನ್ನ ಸಂಖ್ಯೆ ಸೆಕೆಂಡಿನ ನೂರನೆಯ ಭಾಗದ್ದೆಂದು ಹೆಸರಿನಲ್ಲೇ ಹೇಳುತ್ತದೆ, ಎಲ್ಲ ಕಾಲಮಾನಗಳಿಗೂ ಹೀಗಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬಳಿಕ ಎಚ್‌ಜೆಡ್ 100 ಇಟ್ಟು ಕಟ್ಟಿದ ಕರ್ನೆಲ್‌ನಲ್ಲೂ ಸ್ಕ್ರಿಪ್ಟ್ ಇಲ್ಲದೆ 500 ಎಂದೇ ಬಂದಿತು. ವೀಡಿಯೊ ಕಾಪಿಗೆ ಹಾಕಿ ಕೇಳಿದ ಹುಡುಗ, ಪದ ಎಲ್ಲಿಯೂ ನಿಲ್ಲುತ್ತಿಲ್ಲವೆಂದು ಸಂಜೆಗೆ ತಿಳಿಸಿದ.